ಗೇಣು, ಮೊಳ, ಮಾರು: ಅಪರಿಚಿತರ ನಡುವಿನ ಜಾಗ ಬರೆಯಲು ನಮ್ಮ ಮೆಟ್ರೋ ಹೇಗಿದೆ?

ಜನರನ್ನು ಕೂರಿಸಿ ಚಿತ್ರ ಬರೆಸುವ ತರಗತಿಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಆದರೆ ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರ ನಡುವೆ ಉಳಿಯುವ ಜಾಗವನ್ನು ಬರೆಯಬೇಕೆಂದರೆ ಆ ತರಗತಿ ಕೆಲಸಕ್ಕೆ ಬರುವುದಿಲ್ಲ. ಕೂತವರಿಗೆ ತಮ್ಮನ್ನು ನೋಡುತ್ತಿದ್ದಾರೆಂದು ಗೊತ್ತಿರುತ್ತದೆ, ಮೈ ಬಿಗಿಯುತ್ತದೆ, ಪಕ್ಕದವರಿಂದ ಎಷ್ಟು ದೂರ ಕೂರಬೇಕೆಂಬುದನ್ನೂ ಮೇಷ್ಟ್ರೇ ಹೇಳಿರುತ್ತಾರೆ. ಈ ಕಲಿಕೆಗೆ ಊರಿನಲ್ಲಿರುವ ಅತ್ಯುತ್ತಮ ಚಿತ್ರಶಾಲೆ ನಮ್ಮ ಮೆಟ್ರೋದ ಬೋಗಿ, ಅದರಲ್ಲೂ ಹಸಿರು ಮಾರ್ಗದ ಬೋಗಿ. ನೇರಳೆ ಮಾರ್ಗಕ್ಕೆ ಎರಡನೇ ಸ್ಥಾನ. ಬಿಎಂಟಿಸಿ ಬಸ್ಸು, ದರ್ಶಿನಿ, ಪಾರ್ಕಿನ ಬೆಂಚು ಆಮೇಲೆ. ಯಾಕೆ, ಯಾವ ಹೊತ್ತಿನಲ್ಲಿ, ಯಾವ ಸಾಮಾನು ಹಿಡಿದು ಹೋಗಬೇಕು, ಎಲ್ಲಿ ಕೆಡುತ್ತದೆ ಎನ್ನುವುದು ಮುಂದಿದೆ.

ಮೊದಲು ಅಳತೆಯ ವಿಚಾರ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ 1960ರ ದಶಕದಲ್ಲಿ ಮನುಷ್ಯರು ಪರಸ್ಪರ ಇಟ್ಟುಕೊಳ್ಳುವ ದೂರವನ್ನು ನಾಲ್ಕು ವಲಯಗಳಾಗಿ ಹಂಚಿದರು. ಸುಮಾರು 45 ಸೆಂಟಿಮೀಟರ್‌ವರೆಗೆ ಆಪ್ತರ ಜಾಗ, ಅಲ್ಲಿಂದ 1.2 ಮೀಟರ್‌ವರೆಗೆ ಸ್ವಂತ ಜಾಗ, 3.6 ಮೀಟರ್‌ವರೆಗೆ ವ್ಯವಹಾರದ ಜಾಗ, ಅದರಾಚೆ ಸಭೆಯ ಜಾಗ. ಇದನ್ನು ನೆನಪಿಡಲು ಟೇಪು ಬೇಕಿಲ್ಲ, ಗಾಂಧಿ ಬಜಾರಿನ ಹೂವಿನವರ ಲೆಕ್ಕ ಸಾಕು. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಅದೇ 45 ಸೆಂಟಿಮೀಟರ್. ಎರಡೂ ಕೈ ಚಾಚಿದರೆ ಒಂದು ಮಾರು, ನಾಲ್ಕು ಮೊಳ. ಅಂದರೆ ಹಾಲ್ ಅವರ ಮೊದಲ ಗೆರೆ ಒಂದು ಮೊಳಕ್ಕೆ, ಮೂರನೆಯದು ಎರಡು ಮಾರಿಗೆ ಬಂದು ನಿಲ್ಲುತ್ತದೆ. ವಯಸ್ಕರ ತಲೆಯ ಎತ್ತರ ಹೆಚ್ಚುಕಡಿಮೆ ಒಂದು ಗೇಣು. ಈ ಮೂರು ಅಳತೆ ಕಣ್ಣಿಗೆ ಹತ್ತಿದರೆ ಎದುರಿಗೆ ಕೂತವರ ನಡುವಿನ ಜಾಗವನ್ನು ಯಾವ ಉಪಕರಣವೂ ಇಲ್ಲದೆ ಓದಬಹುದು.

ಹಾಲ್ ಈ ಅಂಕಿಗಳನ್ನು ತೆಗೆದದ್ದು ಮುಖ್ಯವಾಗಿ ಅಮೆರಿಕದ ಈಶಾನ್ಯ ಕರಾವಳಿಯ ಮಧ್ಯಮ ವರ್ಗದವರನ್ನು ಗಮನಿಸಿ. ಬೇರೆ ನೆಲಕ್ಕೆ ಇವು ಒಪ್ಪಲಾರವೆಂದು ಅವರೇ ಹೇಳಿದ್ದರು. ಆದ್ದರಿಂದ ಮೆಜೆಸ್ಟಿಕ್‌ನಲ್ಲಿ ಜನ ಈ ಗೆರೆ ಮೀರಿದರೆ ಅದು ತಪ್ಪೂ ಅಲ್ಲ, ಅಶಿಸ್ತೂ ಅಲ್ಲ.

ಬೋಗಿಗೆ ಬರೋಣ. ನೇರಳೆ ಮತ್ತು ಹಸಿರು ಮಾರ್ಗದ ಬೋಗಿಯ ಹೊರ ಅಗಲ 2.88 ಮೀಟರ್. ಸೀಟುಗಳು ಬಸ್ಸಿನಂತೆ ಒಂದರ ಹಿಂದೆ ಒಂದಿಲ್ಲ, ಎರಡೂ ಗೋಡೆಗೆ ಆತು ಉದ್ದಕ್ಕೆ ಎದುರುಬದುರಾಗಿವೆ. ಹೆಚ್ಚುಗಾರಿಕೆಯೆಲ್ಲ ಈ ಜೋಡಣೆಯದು. ಪಕ್ಕದವರು ಹೆಗಲಿಗೆ ಹೆಗಲು ತಾಗಿ, ಒಂದು ಮೊಳದೊಳಗೆ, ಮನೆಯವರು ಮಾತ್ರ ಕೂರುವಷ್ಟು ಹತ್ತಿರ ಇರುತ್ತಾರೆ. ಎದುರಿನವರು ಕಣ್ಣಿಂದ ಕಣ್ಣಿಗೆ ಒಂದು ಮಾರಿನಷ್ಟು ಆಚೆ, ಬ್ಯಾಂಕಿನ ಕೌಂಟರಿನಲ್ಲಿ ಮಾತಾಡುವಷ್ಟು ದೂರದಲ್ಲಿ. ಒಬ್ಬ ಮನುಷ್ಯನಿಗೆ ಅಡ್ಡಕ್ಕೊಂದು ವಲಯ, ನೇರಕ್ಕೆ ಇನ್ನೊಂದು. ಹತ್ತಿರದವರನ್ನು ನೋಡಬೇಕೆಂದರೆ ಕತ್ತು ತಿರುಗಿಸಬೇಕು, ಯಾರೂ ತಿರುಗಿಸುವುದಿಲ್ಲ. ದೂರದವರು ತಾವಾಗಿಯೇ ಕಣ್ಣಿಗೆ ಬೀಳುತ್ತಾರೆ, ಅವರನ್ನು ನೋಡುವಂತಿಲ್ಲ. ಇಡೀ ಬೆಂಚಿನ ಕಣ್ಣು ಮೊಬೈಲಿಗೆ, ಇಲ್ಲವೆ ಮುಂದಿನ ನಿಲ್ದಾಣದ ಹೆಸರಿಗೆ ಇಳಿಯುವುದು ಇದಕ್ಕೇ. ಬರೆಯುವವರಿಗೆ ಸಿಗುವುದು ಒಂದೇ ದೂರದಲ್ಲಿ, ಒಂದೇ ಎತ್ತರದಲ್ಲಿ ಸಾಲಾಗಿ ಕೂತ ಜನ. ಬೇಲೂರಿನ ಗುಡಿಗೋಡೆಯ ಬುಡದ ಶಿಲ್ಪದ ಪಟ್ಟಿಕೆಗಳಂತೆ ಒಂದು ತುದಿಯಿಂದ ಇನ್ನೊಂದಕ್ಕೆ ಓದಿಕೊಂಡು ಹೋಗಬಹುದಾದ ಸಾಲು.

ಹಸಿರು ಮಾರ್ಗ ಮೇಲೇಕೆಂದರೆ ಬೆಳಕು. ನೇರಳೆ ಮಾರ್ಗ ಬಹುಮಟ್ಟಿಗೆ ಪೂರ್ವ–ಪಶ್ಚಿಮ ಓಡುತ್ತದೆ, ಅದರ ಕಿಟಕಿಗಳು ಉತ್ತರ ದಕ್ಷಿಣಕ್ಕೆ ಮುಖ ಮಾಡಿರುತ್ತವೆ. ಹಸಿರು ಮಾರ್ಗ ಉತ್ತರ–ದಕ್ಷಿಣ, ಆದ್ದರಿಂದ ಬೆಳಗ್ಗೆ ಮತ್ತು ಸಂಜೆ ಬಿಸಿಲು ಕಿಟಕಿಗೆ ನೇರ ಬರುತ್ತದೆ. ನ್ಯಾಷನಲ್ ಕಾಲೇಜಿನಿಂದ ಯಲಚೇನಹಳ್ಳಿವರೆಗೆ ಮಾರ್ಗ ಎತ್ತರದ ಮೇಲೆ, ಬೆಳಕಿಗೆ ತಡೆ ಕಡಿಮೆ. ಬೆಳಗ್ಗೆ ಏಳರಿಂದ ಎಂಟೂಕಾಲಿನೊಳಗೆ ಮೆಜೆಸ್ಟಿಕ್‌ನಿಂದ ದಕ್ಷಿಣಕ್ಕೆ ಹೋಗುವ ಗಾಡಿ ಹತ್ತಿ, ಗಾಡಿ ಹೋಗುವ ದಿಕ್ಕಿನ ಬಲಬದಿಯ ಬೆಂಚಿನಲ್ಲಿ ಕೂತರೆ ಎದುರಿನ ಸಾಲಿನ ಬೆನ್ನ ಹಿಂದೆ ಸೂರ್ಯ. ಮುಖಗಳು ಕಪ್ಪಾಗುತ್ತವೆ, ಜನರ ನಡುವಿನ ಸಂದುಗಳು ಬೆಳ್ಳಗೆ ಹೊಳೆಯುತ್ತವೆ. ಬರೆಯಬೇಕಾದದ್ದು ಆ ಬಿಳಿಯನ್ನು. ಕತ್ತಿನ ಪಕ್ಕದ ತ್ರಿಕೋನ, ಎರಡು ತೋಳಿನ ನಡುವೆ ಮೇಲಿಂದ ಕೆಳಗೆ ಸಣ್ಣಗಾಗುವ ಬೆಳಕಿನ ಸೀಳು, ಒರಗಿದ ತಲೆ ಕಿಟಕಿಗೆ ತಾಗುವ ಕಡೆ ಕಾಣೆಯಾಗುವ ಗೆರೆ, ಇವೆಲ್ಲ ತಾವಾಗಿಯೇ ಬಿಡಿಸಿಕೊಂಡು ಕಾಣುತ್ತವೆ. ಸಂಜೆ ಐದರ ಮೇಲೆ ಇದೇ ದಾರಿಯಲ್ಲಿ ಎಡಬದಿಗೆ ಕೂರಬೇಕು.

ನೇರಳೆ ಮಾರ್ಗಕ್ಕೆ ಅದರದೇ ಆದ ಒಂದು ಸಂಪತ್ತಿದೆ. ಎಂ.ಜಿ. ರಸ್ತೆಯಿಂದ ಹೊರಟ ಗಾಡಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ನೆಲದೊಳಗೆ ಇಳಿಯುತ್ತದೆ. ಮೆಜೆಸ್ಟಿಕ್ ದಾಟಿ ರೈಲು ನಿಲ್ದಾಣದವರೆಗೂ ಸುರಂಗವೇ. ಒಳಗಿಳಿದ ಕೂಡಲೇ ಎದುರಿನ ಕಿಟಕಿ ಕನ್ನಡಿಯಾಗುತ್ತದೆ. ಎದುರಿಗೆ ಕೂತ ಇಬ್ಬರ ತಲೆಗಳ ನಡುವಿನ ಖಾಲಿಯಲ್ಲಿ ನಿಮ್ಮದೇ ಬೆಂಚಿನವರ ಮುಖಗಳು ಬಂದು ಕೂರುತ್ತವೆ. ಕತ್ತು ತಿರುಗಿಸಿ ನೋಡಲಾಗದ ಪಕ್ಕದವರು ಗಾಜಿನೊಳಗೆ, ಹೆಚ್ಚುಕಡಿಮೆ ಎರಡು ಬೋಗಿಯ ಅಗಲದಷ್ಟು ದೂರದಲ್ಲಿ ಇರುವಂತೆ ಕಾಣುತ್ತಾರೆ. ಒಂದೇ ಹಾಳೆಯಲ್ಲಿ ಎದುರಿನವರನ್ನು ದಪ್ಪ ಗೆರೆಯಲ್ಲಿ, ಗಾಜಿನವರನ್ನು ತೆಳು ಬೂದಿಯಲ್ಲಿ ಬರೆದರೆ ಅಡ್ಡಗಲದ ಹತ್ತಿರ ಮತ್ತು ನೇರದ ದೂರ ಒಟ್ಟಿಗೆ ಸಿಗುತ್ತವೆ. ಮುಂದೆ ಮಾಗಡಿ ರಸ್ತೆಯ ಕಡೆ ಮೇಲೆದ್ದಾಗ ಇದು ಒಂದೇ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಸುರಂಗ ಚಿಕ್ಕದು, ಗಾಜಿನವರನ್ನು ಮೊದಲು ಬರೆಯಿರಿ.

ಸಾಮಾನು ಹೆಚ್ಚು ಬೇಡ. ಎ3 ಅಳತೆಯ ಕಾರ್ಟ್ರಿಡ್ಜ್ ಹಾಳೆ (ಚಿತ್ರ ಬರೆಯುವ ಗಟ್ಟಿ ಕಾಗದ), 150 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 150 ಗ್ರಾಂ ತೂಗುವಂಥದ್ದು ಅಥವಾ ಅದಕ್ಕಿಂತ ದಪ್ಪದ್ದು, ಅವೆನ್ಯೂ ರಸ್ತೆಯ ಕಾಗದದ ಅಂಗಡಿಗಳಲ್ಲಿ ಸಿಗುತ್ತದೆ. ಉದ್ದಕ್ಕೆ ಮೂರು ಪಟ್ಟಿ ಮಾಡಿದರೆ ಒಂದೊಂದು 420 ಮಿಲಿಮೀಟರ್ ಉದ್ದ, 99 ಮಿಲಿಮೀಟರ್ ಎತ್ತರ. ಪ್ರತಿ ಪಟ್ಟಿಯನ್ನು ಬೀಸಣಿಗೆಯಂತೆ ನಾಲ್ಕು ಮಡಿಕೆ ಮಾಡಿದರೆ ಅಂಗೈಗೆ ಹಿಡಿಯುವ 105 ಮಿಲಿಮೀಟರ್ ಪುಟಗಳಾಗುತ್ತವೆ. ಒಂದು ಪಟ್ಟಿಗೆ ಒಂದು ಬೆಂಚು. ದೊಡ್ಡ ಪುಸ್ತಕ ತಂದರೆ ಮೊಣಕೈ ಪಕ್ಕದವರ ಮಡಿಲಿಗೆ ಹೋಗುತ್ತದೆ. ಅವರ ಜಾಗ ತಿಂದು ಅವರ ಜಾಗವನ್ನೇ ಬರೆಯುವುದು ಸರಿಯಲ್ಲ. 0.3 ಮಿಲಿಮೀಟರ್ ಮೊನೆಯ ಪಿಗ್ಮೆಂಟ್ ಪೆನ್ ಒಂದು, ತಿಳಿ ಬೂದಿಯ ಬ್ರಷ್ ಪೆನ್ ಒಂದು, ಕೆಂಪು ಬಣ್ಣದ ಪೆನ್ಸಿಲ್ ಒಂದು. ಜೆಲ್ ಪೆನ್ ಬೇಡ, ಮಡಿಕೆ ಮಡಚಿದಾಗ ಎದುರು ಪುಟಕ್ಕೆ ಅಂಟುತ್ತದೆ. 4ಬಿ ಪೆನ್ಸಿಲ್ ಬೆವರಿನ ಕೈಗೆ ಹರಡುತ್ತದೆ. ತಪಾಸಣೆಯಲ್ಲಿ ಬ್ಲೇಡು, ಕಟ್ಟರ್ ತಡೆಯುತ್ತಾರೆ, ಪೆನ್ಸಿಲನ್ನು ಮನೆಯಲ್ಲೇ ಕೆತ್ತಿ ತನ್ನಿ.

ಎರಡು ನಿಲ್ದಾಣಗಳ ನಡುವೆ ಸುಮಾರು ಎರಡು ನಿಮಿಷ ಸಿಗುತ್ತದೆ. ಮೊದಲು ಎರಡು ಅಡ್ಡಗೆರೆ ಹಾಕಿಕೊಳ್ಳಿ, ಸೀಟಿನದೊಂದು, ಕಿಟಕಿಯ ಕೆಳಂಚಿನದೊಂದು. ಕಂಬ ಮತ್ತು ಬೆಂಚಿನ ಎರಡು ತುದಿಗಳನ್ನು ನಿಲುವುಗೆರೆಯಲ್ಲಿ ಗುರುತಿಸಿ. ಅವೇ ನಿಮ್ಮ ಅಳತೆಕೋಲು. ತರಗತಿಯಲ್ಲಿ ಕಲಿಸುವಂತೆ ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನಿಂದ ಅಳೆಯಲು ಹೋಗಬೇಡಿ. ಎದುರಿನವರಿಗೆ ಅದು ಬೆರಳು ತೋರಿಸಿದ ಹಾಗೆ. ಆಮೇಲೆ ಮಂಡಿ, ಪಾದಗಳನ್ನು ಗುರುತಿಸಿ. ಅವಾದ ಮೇಲೆ ಬೆಂಚಿನ ಎಡತುದಿಯಿಂದ ಬಲತುದಿಯವರೆಗೆ ತಲೆ, ಹೆಗಲು, ತಲೆ, ಹೆಗಲು ಎಂದು ಪೆನ್ನೆತ್ತದೆ ಒಂದೇ ಗೆರೆ. ದೂರದಿಂದ ಕಾಣುವ ಬೆಟ್ಟದ ಸಾಲಿನ ಹಾಗೆ ಬರಬೇಕು. ಅದಾದ ಮೇಲೆ ಬೂದಿ ಬ್ರಷ್ಷಿನಿಂದ ಸಂದುಗಳನ್ನು ಮಾತ್ರ ತುಂಬಿ, ಜನರನ್ನು ಬಿಳಿ ಬಿಡಿ. ಹಸಿರು ಮಾರ್ಗದ ಬೆಳಗಿನಲ್ಲಿ ಕಣ್ಣಿಗೆ ಕಂಡದ್ದು ಇಲ್ಲಿ ತಿರುವುಮುರುವಾಗುತ್ತದೆ. ಕೆಂಪು ಪೆನ್ಸಿಲು ಸಾಮಾನುಗಳಿಗೆ: ಮಡಿಲ ಮೇಲಿನ ಲ್ಯಾಪ್‌ಟಾಪ್ ಬ್ಯಾಗು, ಊಟದ ಡಬ್ಬಿ, ಮುಂದಕ್ಕೆ ತಿರುಗಿಸಿ ಎದೆಗೆ ಹಾಕಿಕೊಂಡ ಬೆನ್ನುಚೀಲ. ಅಪರಿಚಿತರ ನಡುವೆ ಇವೆಲ್ಲ ಗೋಡೆಗಳು. ಊರಿನ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ನಾಡಿನವರಿಗೆ, ಸಾಮಾನೊಂದು ಮೈಯ ಬದಲಿಗೆ ಕೂರಬಲ್ಲದೆಂದು ಬಿಡಿಸಿ ಹೇಳಬೇಕಿಲ್ಲ.

ಎಲ್ಲರೂ ಮೊದಲು ಮಾಡುವ ತಪ್ಪು ಸಂದನ್ನು ದೊಡ್ಡದಾಗಿ ಬರೆಯುವುದು. ನಮಗೆ ಒಬ್ಬೊಬ್ಬರನ್ನೇ ಬಿಡಿಬಿಡಿಯಾಗಿ ಬರೆಯುವುದನ್ನು ಕಲಿಸಿರುತ್ತಾರೆ. ಒಬ್ಬರನ್ನು ಮುಗಿಸಿ ಇನ್ನೊಬ್ಬರಿಗೆ ಹೋಗುವಾಗ ಕೈ ತಾನಾಗಿ ಒಂದಿಷ್ಟು ಬಿಳಿ ಬಿಡುತ್ತದೆ. ನಿಜದ ಬೆಂಚಿನಲ್ಲಿ ಹೆಗಲು ಹೆಗಲ ಮೇಲೆ ಹಾದಿರುತ್ತದೆ, ಒಬ್ಬರ ತೋಳು ಇನ್ನೊಬ್ಬರ ಹಿಂದೆ ಮಾಯವಾಗಿರುತ್ತದೆ. ಬೆಟ್ಟದ ಸಾಲಿನ ಒಂದೇ ಗೆರೆ ಈ ರೋಗಕ್ಕೆ ಮದ್ದು. ಎರಡನೆಯ ತಪ್ಪು ಮೇಲಿನಿಂದ ಶುರು ಮಾಡುವುದು. ಹೆಗಲಿನ ಹತ್ತಿರ ಎಲ್ಲರೂ ಒಂದೇ, ವ್ಯತ್ಯಾಸವಿರುವುದು ಮಂಡಿ ಮತ್ತು ಪಾದದಲ್ಲಿ. ಮಂಡಿ ಅಗಲಿಸಿ ಕೂತ ಗಂಡಸು ಪಕ್ಕದವರ ಜಾಗದಲ್ಲಿ ಒಂದು ಗೇಣು ಹಿಡಿದಿರುತ್ತಾನೆ. ಆಚೆ ಕೂತವಳು ಕಾಲನ್ನು ಒಂದಕ್ಕೊಂದು ಒತ್ತಿ, ಓರೆಯಾಗಿ ಬಾಗಿಲ ಕಡೆ ತಿರುಗಿರುತ್ತಾಳೆ. ಕೆಳಗಿನಿಂದ ಶುರುಮಾಡಿದರೆ ಇನ್ನೊಂದು ಲಾಭವೂ ಇದೆ: ಯಾರ ಮುಖವನ್ನೂ ದಿಟ್ಟಿಸಿದಂತಾಗುವುದಿಲ್ಲ.

ಈ ಚಿತ್ರಶಾಲೆಯಲ್ಲಿ ಕಾದು ಹಿಡಿಯಬೇಕಾದ ಗಳಿಗೆ ಒಂದಿದೆ. ಬೆಂಚು ತುಂಬಿದೆ ಅನ್ನಿಸಿದಾಗ ಯಾರೋ ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುತ್ತಾರೆ. ಯಾರೂ ಉತ್ತರ ಕೊಡುವುದಿಲ್ಲ, ತಲೆಯನ್ನೂ ಎತ್ತುವುದಿಲ್ಲ. ಆದರೆ ಅಲ್ಲೊಬ್ಬರು ಎರಡು ಬೆರಳು, ಇಲ್ಲೊಬ್ಬರು ನಾಲ್ಕು ಬೆರಳು ಸರಿದು, ಇಡೀ ಸಾಲು ತನ್ನ ಸಂದುಗಳನ್ನೆಲ್ಲ ಒಂದೇ ಕಡೆ ತಂದು ಕೂಡಿಸುತ್ತದೆ. ಮುಕ್ಕಾಲು ಮೊಳದ ಜಾಗವೊಂದು ಹುಟ್ಟುತ್ತದೆ. ಬಂದವರು ಮೊದಲು ಸೀಟಿನ ತುದಿಗೆ ಕೂರುತ್ತಾರೆ, ಎರಡು ನಿಲ್ದಾಣ ಕಳೆದ ಮೇಲೆ ನಿಧಾನಕ್ಕೆ ಹಿಂದಕ್ಕೆ ಒರಗುತ್ತಾರೆ. ಸರಿಯುವ ಮೊದಲಿನ ಸಾಲನ್ನು ಪೆನ್ನಿನಲ್ಲಿ, ಸರಿದ ಮೇಲಿನದನ್ನು ಅದರ ಮೇಲೆಯೇ ಕೆಂಪಿನಲ್ಲಿ ಬರೆದರೆ ಹಂಚಿಕೊಂಡ ಜಾಗದ ಲೆಕ್ಕ ಹಾಳೆಯಲ್ಲಿ ಕಾಣುತ್ತದೆ. ಬೆಂಚಿನ ತುದಿಯವರು ಎಲ್ಲರಿಗಿಂತ ಕಡಿಮೆ ಸರಿಯುತ್ತಾರೆ. ಒಂದು ಕಡೆ ಗೋಡೆ ಸಿಗುವ ಆ ಸೀಟೇ ಮೊದಲು ತುಂಬುವುದು, ಅದನ್ನು ಬಿಡಲು ಮನಸ್ಸಾಗುವುದಿಲ್ಲ.

ಒಂಬತ್ತರಿಂದ ಹತ್ತೂವರೆಯ ನೂಕುನುಗ್ಗಲಿನಲ್ಲಿ ಕೂತು ಬರೆಯುವ ಆಸೆ ಬಿಡಿ. ಆಗ ನಿಂತು, ಕಂಬವನ್ನು ಮಾತ್ರ ಬರೆಯಿರಿ. ಒಂದೇ ಕಂಬದ ಮೇಲೆ ಐದಾರು ಮುಷ್ಟಿಗಳು ಒಂದರ ಮೇಲೊಂದು. ಮೈಗಳು ಒತ್ತಿಕೊಂಡಿದ್ದರೂ ಮುಷ್ಟಿಗಳ ನಡುವೆ ಎರಡು ಬೆರಳಿನಷ್ಟು ಉಕ್ಕು ಕಾಣುತ್ತಲೇ ಇರುತ್ತದೆ. ಬ್ರೇಕ್ ಬಿದ್ದಾಗ ಒಂದು ಕೈ ಜಾರಿ ಕೆಳಗಿನದಕ್ಕೆ ತಾಗುತ್ತದೆ, ಮರುಕ್ಷಣ ಎರಡೂ ಕೈ ಸರಿದು ಅದೇ ಎರಡು ಬೆರಳು ವಾಪಸ್ ಬರುತ್ತದೆ. ಬಳೆ, ದಾರ, ವಾಚು, ಉಂಗುರ ಬರೆದರೆ ಸಾಕು, ಮುಖ ಬೇಕಾಗಿಲ್ಲ. ಕೊರಳ ಐಡಿ ಕಾರ್ಡಿನ ಹೆಸರು, ಮೊಬೈಲ್ ಪರದೆಯ ಮೇಲಿನ ಮಾತು ಕಣ್ಣಿಗೆ ಬಿದ್ದರೂ ಹಾಳೆಗೆ ಬರಕೂಡದು.

ಕ್ಯಾಮೆರಾ ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಅಮೆರಿಕದ ಛಾಯಾಗ್ರಾಹಕ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸಬ್‌ವೇಯಲ್ಲಿ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟು ಎದುರಿಗೆ ಕೂತವರ ಫೋಟೋ ತೆಗೆದರು. ಅವು ದೊಡ್ಡ ಚಿತ್ರಗಳೇ, ಅನುಮಾನವಿಲ್ಲ. ಆದರೆ 2025ರ ಮೇ ತಿಂಗಳಲ್ಲಿ ಇದೇ ನಮ್ಮ ಮೆಟ್ರೋದಲ್ಲಿ ಹೆಣ್ಣುಮಕ್ಕಳಿಗೆ ಗೊತ್ತಿಲ್ಲದಂತೆ ವಿಡಿಯೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದ ಖಾತೆಯೊಂದರ ಮೇಲೆ ಪೊಲೀಸ್ ಪ್ರಕರಣವಾಯಿತು. ಅದಾದ ಮೇಲೆ ಎದುರಿನವರು ಮೊಬೈಲನ್ನು ನೆಟ್ಟಗೆ ಹಿಡಿದರೆ ಹೆಣ್ಣುಮಕ್ಕಳ ಮೈ ಬಿಗಿಯುವುದು ಸಹಜ. ಅಳೆಯಲು ಹೊರಟ ಜಾಗವನ್ನೇ ಕ್ಯಾಮೆರಾ ಕದಡುತ್ತದೆ. ಕೇಳಿ ತೆಗೆಯುವ ದಾರಿಯೂ ಉಂಟು. ಛಾಯಾಗ್ರಾಹಕ ರಿಚರ್ಡ್ ರೆನಾಲ್ಡಿ 2007ರಿಂದ ಅಮೆರಿಕದ ಬೀದಿಗಳಲ್ಲಿ ದೊಡ್ಡ 8×10 ಇಂಚಿನ ಕ್ಯಾಮೆರಾ ನಿಲ್ಲಿಸಿಕೊಂಡು, ಪರಿಚಯವಿಲ್ಲದ ಇಬ್ಬರನ್ನು ಒಬ್ಬರನ್ನೊಬ್ಬರು ಮುಟ್ಟಿ ನಿಲ್ಲುವಂತೆ ಕೇಳಿ ಫೋಟೋ ತೆಗೆದರು. ಅದಕ್ಕೆ ನಿಂತ ಜಾಗ ಬೇಕು, ಸಮಯ ಬೇಕು. ಓಡುವ ಬೋಗಿಗೆ ಪೆನ್ನು ಸಾಕು. ಪೆನ್ನು ಹಿಡಿದ ಮಾತ್ರಕ್ಕೆ ಎಲ್ಲ ಹಕ್ಕು ಸಿಕ್ಕಿತೆಂದೂ ಅಲ್ಲ. ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ನೆಟ್ಟ ನೋಟ ಎದುರಿನವರಿಗೆ ತಾಗುತ್ತದೆ. "ಏನ್ ಬರೀತಿದೀರಾ?" ಎಂದು ಕೇಳಿದರೆ ಪಟ್ಟಿಯನ್ನು ಬಿಚ್ಚಿ ತೋರಿಸಿ. "ನಂದು ಬೇಡ" ಅಂದರೆ ಆ ಮಡಿಕೆಯನ್ನು ಹರಿದು ಅವರ ಕೈಗೇ ಕೊಡಿ. ಮಕ್ಕಳನ್ನು ಬರೆಯುವುದಾದರೆ ಜೊತೆಗಿದ್ದವರನ್ನು ಮೊದಲು ಕೇಳಿ.

ಇಲ್ಲಿ ಒಂದು ಮಾತನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಯಾರು ಯಾರಿಂದ ಎಷ್ಟು ದೂರ ನಿಲ್ಲಬೇಕು ಎಂದು ಮಡಿ ಮೈಲಿಗೆಯ ಹೆಸರಿನಲ್ಲಿ ಅಳೆದು ಹೇಳಿದ ನಾಡು ನಮ್ಮದು. ಬಾವಿಯ ಕಟ್ಟೆ, ಹೋಟೆಲಿನ ಬೇರೆ ಲೋಟ, ಗುಡಿಯ ಹೊಸಿಲು ಎಲ್ಲವೂ ದೂರದ ಅಳತೆಗಳೇ ಆಗಿದ್ದವು. ಜಾತಿ ಕೇಳದೆ ಹೆಗಲಿಗೆ ಹೆಗಲು ತಾಗಿಸಿ ಕೂರಿಸುವ ಬೆಂಚು ನಮಗೆ ಸಣ್ಣ ಸಂಗತಿಯಲ್ಲ. ಅದನ್ನು ಬರೀ ನೂಕುನುಗ್ಗಲು, ಉಸಿರುಗಟ್ಟಿಸುವ ಊರು ಎಂದು ಬರೆದ ಚಿತ್ರಗಳು ಅರ್ಧ ಸತ್ಯ ಹೇಳುತ್ತವೆ. ಇನ್ನರ್ಧ ಹೆಣ್ಣುಮಕ್ಕಳ ಕಡೆಯಿಂದ ನೋಡಿದಾಗ ಕಾಣುತ್ತದೆ. ಮೊದಲ ಬೋಗಿ ಅವರಿಗೆ ಮೀಸಲು. ಅಲ್ಲಿನ ಸಂದುಗಳಿಗೂ ಉಳಿದ ಬೋಗಿಗಳ ಸಂದುಗಳಿಗೂ ಇರುವ ವ್ಯತ್ಯಾಸವನ್ನು ಬರೆಯಬಲ್ಲವರು ಎರಡರಲ್ಲೂ ಓಡಾಡುವ ಹೆಣ್ಣುಮಕ್ಕಳೇ. ಅಂಥ ಪಟ್ಟಿಗಳು ಜೋಡಿಯಾಗಿ ಬರಬೇಕು. ಕಲಾವಿದೆ ಜಸ್ಮೀನ್ ಪಥೇಜಾ ಬೀದಿಯ ಲೈಂಗಿಕ ಕಿರುಕುಳದ ವಿರುದ್ಧ 2003ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಬ್ಲ್ಯಾಂಕ್ ನಾಯ್ಸ್ ಬಳಗ ಈ ವಿಷಯವನ್ನು ಹಾಳೆಯಿಂದ ಬೀದಿಗೆ ತಂದಿತು. ಹೆಂಗಸರು ಪಾರ್ಕಿನ ಹುಲ್ಲಿನ ಮೇಲೆ ಒಟ್ಟಾಗಿ ಮಲಗುವುದು ಅವರ ಕಲಾಕ್ರಿಯೆಗಳಲ್ಲೊಂದು. ಅಪರಿಚಿತರ ನಡುವೆ ಕಣ್ಣು ಮುಚ್ಚಲು ಎಷ್ಟು ಜಾಗ ಬೇಕು ಎನ್ನುವ ಪ್ರಶ್ನೆ ಅದರಲ್ಲಿದೆ.

ಮೆಟ್ರೋದ ಮಿತಿಗಳು ಇಷ್ಟು. ಟಿಕೆಟ್ ತೆಗೆದು ಒಳಗೆ ಹೋದ ಮೇಲೆ ಇಷ್ಟೇ ಹೊತ್ತು ಇರಬಹುದೆಂಬ ನಿಯಮವಿದೆ, ಪ್ಲಾಟ್‌ಫಾರ್ಮಿನಲ್ಲಿ ಕೂತು ದಿನವಿಡೀ ಬರೆಯುವಂತಿಲ್ಲ. ತಿನ್ನುವುದು ಕುಡಿಯುವುದು ನಿಷೇಧ. ಜಲವರ್ಣದ ಲೋಟ ತೆಗೆಯುವ ಯೋಚನೆ ಬೇಡ. ರಾತ್ರಿಯ ದೀಪ ಎಲ್ಲ ಕಡೆ ಸಮಸಮ ಬೀಳುವುದರಿಂದ ನೆರಳಿಲ್ಲ, ಸಂದುಗಳು ಚಪ್ಪಟೆಯಾಗುತ್ತವೆ. ಕತ್ತಲಾದ ಮೇಲೆ ಹಸಿರು ಮಾರ್ಗಕ್ಕೆ ಬೆಳಗಿನ ಗುಣ ಉಳಿಯುವುದಿಲ್ಲ.

ಬಿಎಂಟಿಸಿಯಲ್ಲಿ ಸೀಟುಗಳು ಮುಂದಕ್ಕೆ ಮುಖ ಮಾಡಿರುವುದರಿಂದ ಸಿಗುವುದು ಬೆನ್ನು, ಜಡೆ, ಹೂವು, ಕಾಲರು. ಗುಂಡಿ ಬಂದಾಗ ಗೆರೆ ಹಾರುತ್ತದೆ. ಆದರೆ "ಒಳಗ್ ಹೋಗಿ, ಒಳಗ್ ಹೋಗಿ" ಅನ್ನುವ ಕಂಡಕ್ಟರ್ ಜನರ ನಡುವೆ ದಾರಿ ಮಾಡಿಕೊಳ್ಳುವ ರೀತಿ ಬೇರೆಲ್ಲೂ ಸಿಗದು. 1977ರಲ್ಲಿ ಇಟಲಿಯ ಬೊಲೋನ್ಯಾದ ಗ್ಯಾಲರಿಯೊಂದರ ಬಾಗಿಲಲ್ಲಿ ಪ್ರದರ್ಶನ ಕಲಾವಿದರಾದ ಮರೀನಾ ಅಬ್ರಮೋವಿಚ್ ಮತ್ತು ಉಲಾಯ್ ಎದುರುಬದುರು ಬೆತ್ತಲೆ ನಿಂತು, ಒಳಗೆ ಬರುವವರು ಯಾರ ಕಡೆ ಮುಖ ಮಾಡಿ ನುಸುಳುತ್ತಾರೆ ಎಂದು ನೋಡಿದರು. ಕಂಡಕ್ಟರು ಅದೇ ತೀರ್ಮಾನವನ್ನು ಒಂದು ಟ್ರಿಪ್ಪಿನಲ್ಲಿ ನೂರು ಸಲ ಮಾಡುತ್ತಾರೆ. ದರ್ಶಿನಿಯ ನಿಂತು ತಿನ್ನುವ ಮೇಜನ್ನು ಮೇಲಿನಿಂದ ನೋಡಿದಂತೆ ಬರೆಯಬೇಕು: ತಟ್ಟೆ, ಕಾಫಿ ಲೋಟ, ಮೇಜಿನಂಚಿಗೆ ಇಟ್ಟ ಹೆಲ್ಮೆಟ್ಟು, ಯಾರೂ ಎಳೆಯದ ಗಡಿಗಳು. ಪಾರ್ಕಿನ ಬೆಂಚು ಹೊಸಬರಿಗೆ ಸುಲಭ, ಬಹಳ ಬೇಗ ಸಪ್ಪೆಯಾಗುತ್ತದೆ. ಇಬ್ಬರು ಎರಡು ತುದಿ ಹಿಡಿದರೆ ಮೂರನೆಯವರು ಬರುವುದೇ ಇಲ್ಲ.

ಪಟ್ಟಿಗಳು ಹತ್ತಿಪ್ಪತ್ತಾದ ಮೇಲೆ ಗೋಡೆಗೆ ಹಚ್ಚುವುದರ ಜೊತೆಗೆ ಬೋಗಿಯ ಒಂದು ತುಂಡನ್ನು ನಿಜದ ಅಳತೆಯಲ್ಲಿ ನೆಲದ ಮೇಲೆ ಬರೆದರೆ ನೋಡುವವರಿಗೆ ವಿಷಯ ಮೈಗೆ ಹತ್ತುತ್ತದೆ. 2.88 ಮೀಟರ್ ಅಗಲ, ಎರಡು ಬದಿಗೆ ಒಂದೊಂದು ಬೆಂಚು, ಬೆಂಚಿಗೆ ಮೊಳಕ್ಕೊಂದು ಗೆರೆ. ಮಾಸ್ಕಿಂಗ್ ಟೇಪು ಸುಲಭ, ಆದರೆ ಬಿಸಿಲು ಬೀಳುವ ಕಡೆ ದಿನಗಟ್ಟಲೆ ಬಿಟ್ಟರೆ ಅಂಟು ನೆಲದಲ್ಲೇ ಉಳಿಯುತ್ತದೆ. ರಂಗೋಲಿ ಪುಡಿ ಇದಕ್ಕಿಂತ ಮೇಲು. 2020ರ ಕೋವಿಡ್ ಕಾಲದಲ್ಲಿ ಅಂಗಡಿಗಳ ಮುಂದೆ ಸುಣ್ಣ, ಸೀಮೆಸುಣ್ಣದಲ್ಲಿ ಬರೆದ ನಿಲ್ಲುವ ವೃತ್ತಗಳನ್ನು ನೋಡಿದ ಊರಿಗೆ ನೆಲದ ಗೆರೆಯನ್ನು ಓದಲು ಬರುತ್ತದೆ. ಕೆಡುವುದು ಒಂದು ಕಡೆ: ಗ್ಯಾಲರಿಗೆ ಬಂದವರು ಸಭ್ಯರಾಗಿಬಿಡುತ್ತಾರೆ, ಮೂವರ ಜಾಗದಲ್ಲಿ ಒಬ್ಬರು ಕೂತು ಎದ್ದು ಹೋಗುತ್ತಾರೆ. ಐದು ಮೊಳದ ಬೆಂಚಿಗೆ ಆರು ಜನರನ್ನು ಒಟ್ಟಿಗೆ ಕರೆಯಬೇಕು, ಎರಡು ನಿಮಿಷಕ್ಕೊಮ್ಮೆ ಗಂಟೆ ಹೊಡೆಯಬೇಕು, ಗಂಟೆ ಬಾರಿಸಿದಾಗಲೆಲ್ಲ ಒಬ್ಬರು ಇಳಿದು ಇನ್ನೊಬ್ಬರು ಹತ್ತಬೇಕು. ಸಂಜೆಯ ಹೊತ್ತಿಗೆ ರಂಗೋಲಿ ಗೆರೆ ಕೆಲವು ಕಡೆ ಅಳಿಸಿರುತ್ತದೆ, ಕೆಲವು ಕಡೆ ಹಾಗೇ ಉಳಿದಿರುತ್ತದೆ. ಗುಡಿಸುವ ಮುನ್ನ ಅದರ ಮೇಲೆ ತೆಳು ಹಾಳೆ ಹಾಸಿ, ಉಳಿದ ಗೆರೆಯನ್ನು ಪೆನ್ಸಿಲಿನಲ್ಲಿ ಇಳಿಸಿಕೊಂಡು, ಹಾಳೆಯ ಹಿಂದೆ ತಾರೀಖು ಮತ್ತು ಹೊತ್ತು ಬರೆದಿಡಿ.